ನಿನ್ನೆಯ ಹಾಗಿಲ್ಲ ಅನಿಸಿದಾಗ: ಸ್ಪೈನಾ ಬೈಫಿಡಾ ಇರುವ ಮಗುವನ್ನು ಯಾವಾಗ ಡಾಕ್ಟರ್ ಹತ್ತಿರ ಕರೆದೊಯ್ಯಬೇಕು

ಇಲ್ಲಿ ಸೇರಿರುವ ತಂದೆ ತಾಯಿಯರೇ, ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ. ರಾತ್ರಿ ಒಂಬತ್ತೂವರೆ ಆಗಿತ್ತು. ಆ ಕಡೆ ಒಬ್ಬ ತಾಯಿ. ಮಗನಿಗೆ ಆರು ವರ್ಷ, ಹುಟ್ಟಿನಿಂದಲೇ ಬರುವ ಬೆನ್ನುಹುರಿಯ ತೊಂದರೆ ಸ್ಪೈನಾ ಬೈಫಿಡಾ, ತಲೆಯಲ್ಲಿ ಶಂಟ್, ಅಂದರೆ ಮಿದುಳಿನ ನೀರು ಇಳಿಸುವ ಕೊಳವೆ ಇದೆ. "ಬೆಳಿಗ್ಗೆಯಿಂದ ಎರಡು ಸಲ ವಾಂತಿ ಮಾಡಿದ. ಜ್ವರ ಇಲ್ಲ. ಮೊನ್ನೆ ತಂಗಿಗೂ ವಾಂತಿ ಆಗಿತ್ತು, ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡೆ. ಆದ್ರೆ ಇವತ್ತು ಇವನು ಟಿವಿ ಹಾಕು ಅಂತ ಒಂದು ಸಲವೂ ಕೇಳಲಿಲ್ಲ" ಅಂದರು. ರಾತ್ರಿ ಹೊತ್ತು ತೊಂದರೆ ಕೊಟ್ಟೆ, ಕ್ಷಮಿಸಿ ಅಂತ ಮೂರು ಸಲ ಹೇಳಿದರು. ಈಗಲೇ ಹೊರಡಿ, ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೇ ಹೋಗಿ ಅಂದೆ. ಶಂಟ್ ಕಟ್ಟಿಕೊಂಡಿತ್ತು. ಅವತ್ತು ರಾತ್ರಿಯೇ ಆಪರೇಷನ್ ಆಯಿತು.

ಇದರಲ್ಲಿ ಗಮನಿಸಬೇಕಾದದ್ದು ವಾಂತಿ ಒಂದನ್ನೇ ಅಲ್ಲ. ವಾಂತಿ ಎಲ್ಲ ಮಕ್ಕಳಿಗೂ ಆಗುತ್ತದೆ. ಕಾಯಿಲೆಯನ್ನು ಹಿಡಿದುಕೊಟ್ಟದ್ದು "ಟಿವಿ ಕೇಳಲಿಲ್ಲ" ಅನ್ನುವ ಮಾತು. ಆ ತಾಯಿ ಮಗನನ್ನು ಬೇರೆ ಮಕ್ಕಳ ಜೊತೆ ಹೋಲಿಸಲಿಲ್ಲ, ನಿನ್ನೆಯ ಅವನ ಜೊತೆಗೇ ಹೋಲಿಸಿದರು. ನಾನು ಇವತ್ತು ಹೇಳುವುದೆಲ್ಲ ಆ ಹೋಲಿಕೆಯ ಸುತ್ತಲೇ ಇರುತ್ತದೆ.

ಯಾಕೆ ಅಂತ ಕೇಳಿ. ಗರ್ಭ ಕಟ್ಟಿದ ಮೊದಲ 28 ದಿನಗಳ ಒಳಗೆ, ಎಷ್ಟೋ ಸಲ ತಾಯಿಗೆ ತಾನು ಬಸುರಿ ಅಂತ ಗೊತ್ತಾಗುವ ಮೊದಲೇ, ಮಿದುಳು ಮತ್ತು ಬೆನ್ನುಹುರಿ ಆಗಬೇಕಾದ ಕೊಳವೆ ಮುಚ್ಚಿಕೊಳ್ಳಬೇಕು. ಅದು ಒಂದು ಕಡೆ ಪೂರ್ತಿ ಮುಚ್ಚದೆ ಉಳಿದರೆ ಸ್ಪೈನಾ ಬೈಫಿಡಾ. ಬೆನ್ನುಹುರಿಯೇ ಹೊರಗೆ ಬಂದಿರುವ ಬಗೆಯಲ್ಲಿ, ಅಂದರೆ ಮೈಲೊಮೆನಿಂಗೊಸೀಲ್‌ನಲ್ಲಿ, ಆ ಜಾಗದಿಂದ ಕೆಳಗಿನ ನರಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾಲಿನಿಂದ, ಮೂತ್ರಕೋಶದಿಂದ, ಕುಳಿತುಕೊಳ್ಳುವ ಜಾಗದ ಚರ್ಮದಿಂದ ಮಿದುಳಿಗೆ ಸುದ್ದಿ ಹೋಗುವುದು ಕಡಿಮೆ, ಕೆಲವು ಮಕ್ಕಳಲ್ಲಿ ಹೋಗುವುದೇ ಇಲ್ಲ. ಬೇರೆ ಮಗುವಾದರೆ "ಅಮ್ಮಾ ನೋವು" ಅಂತ ಕೂಗುತ್ತದೆ. ನಿಮ್ಮ ಮಗು ಮುರಿದ ಕಾಲಿಟ್ಟುಕೊಂಡು ಆಟ ಆಡುತ್ತಿರಬಹುದು. ಹಾಗಾಗಿ "ನೋವು ಅಂತ ಏನೂ ಹೇಳ್ತಿಲ್ಲ" ಅನ್ನುವ ಸಮಾಧಾನ ಈ ಮಕ್ಕಳ ವಿಷಯದಲ್ಲಿ ನಡೆಯುವುದಿಲ್ಲ.

ಮೊದಲು ತಲೆಯ ಮಾತು. ಇಲ್ಲಿ ಕಾಯಲು ಸಮಯ ಇರುವುದಿಲ್ಲ.

ಮಿದುಳಿನೊಳಗೆ ನೀರಿನಂಥ ದ್ರವ ಹಗಲೂ ರಾತ್ರಿ ಉತ್ಪತ್ತಿ ಆಗುತ್ತಲೇ ಇರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಅದು ಹರಿದು ಹೋಗುವ ದಾರಿ ಈ ಮಕ್ಕಳಲ್ಲಿ ಹೆಚ್ಚಾಗಿ ಇಕ್ಕಟ್ಟಾಗಿರುತ್ತದೆ. ನೀರು ನಿಂತು ಒತ್ತಡ ಏರುತ್ತದೆ. ಇದು ಹೈಡ್ರೊಸೆಫಾಲಸ್. ಶಂಟ್ ಅಂದರೆ ಆ ನೀರನ್ನು ಸಾಮಾನ್ಯವಾಗಿ ಹೊಟ್ಟೆಗೆ ಇಳಿಸುವ ಸಣ್ಣ ಕೊಳವೆ. ಅದರಲ್ಲಿ ಒಂದೇ ಕಡೆಗೆ ತೆರೆಯುವ ಕವಾಟ ಇರುತ್ತದೆ. ಈ ಕವಾಟದ ಕಥೆಯನ್ನು ನಾನು ತಂದೆ ತಾಯಿಯರಿಗೆ ಹೇಳದೆ ಇರುವುದಿಲ್ಲ. 1956ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಹೋಲ್ಟರ್ ಅನ್ನುವವರ ಮಗನಿಗೆ ಇದೇ ಕಾಯಿಲೆ ಇತ್ತು. ಹೋಲ್ಟರ್ ಡಾಕ್ಟರ್ ಅಲ್ಲ, ಯಂತ್ರಗಳ ಕೆಲಸ ಗೊತ್ತಿದ್ದ ತಂದೆ. ಯೂಜೀನ್ ಸ್ಪಿಟ್ಜ್ ಅನ್ನುವ ಶಸ್ತ್ರವೈದ್ಯರ ಜೊತೆ ಸೇರಿ ಅವರು ಸಿಲಿಕೋನ್ ಕವಾಟ ತಯಾರಿಸಿದರು. ಸ್ಪಿಟ್ಜ್-ಹೋಲ್ಟರ್ ಕವಾಟ ಅಂತಲೇ ಅದಕ್ಕೆ ಹೆಸರು. ಮಗುವಿನ ಕಾಯಿಲೆಯನ್ನು ಹತ್ತಿರದಿಂದ ನೋಡಿದ ಒಬ್ಬ ತಂದೆಯ ಕೈಯಿಂದ ಎಷ್ಟೊಂದು ಮಕ್ಕಳ ಜೀವ ಉಳಿಯಿತು ಅನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯ.

ಆದರೆ ಶಂಟ್ ಒಂದು ಕೊಳವೆ. ಕಟ್ಟಿಕೊಳ್ಳುತ್ತದೆ, ಬಿಟ್ಟುಹೋಗುತ್ತದೆ, ಮಗು ಬೆಳೆದಂತೆ ಗಿಡ್ಡ ಆಗುತ್ತದೆ. ಮೊದಲ ಎರಡು ವರ್ಷಗಳಲ್ಲೇ ಹೆಚ್ಚುಕಮ್ಮಿ ಅರ್ಧದಷ್ಟು ಶಂಟ್‌ಗಳು ಕೆಡುತ್ತವೆ. ಹತ್ತು ವರ್ಷ ಸರಿಯಾಗಿ ಕೆಲಸ ಮಾಡಿದ ಶಂಟ್ ಹನ್ನೊಂದನೇ ವರ್ಷ ನಿಲ್ಲಬಹುದು.

ಪುಟ್ಟ ಮಗುವಿನಲ್ಲಿ ಏನು ನೋಡಬೇಕು? ಮಗುವನ್ನು ನೆಟ್ಟಗೆ ಎತ್ತಿಕೊಂಡಾಗ, ಅದು ಅಳದೆ ಇರುವಾಗ, ನೆತ್ತಿಯ ಮೇಲೆ ಕೈಯಾಡಿಸಿ. ಮೆತ್ತಗೆ ಸ್ವಲ್ಪ ತಗ್ಗಾಗಿರುವುದು ಸರಿ. ಉಬ್ಬಿ ಬಿಗಿಯಾಗಿದ್ದರೆ ಸರಿಯಲ್ಲ. ತಲೆಯ ಸುತ್ತಳತೆ ಬೇಗ ಬೇಗ ಹೆಚ್ಚುವುದು, ಕಣ್ಣುಗುಡ್ಡೆ ಕೆಳಗೇ ನೋಡುತ್ತ ಮೇಲೆ ಬಿಳಿ ಕಾಣುವುದು, ಕೀರಲು ಅಳು, ಹಾಲು ಬೇಡ ಅನ್ನುವುದು, ಎಬ್ಬಿಸಿದರೂ ಮತ್ತೆ ಮತ್ತೆ ನಿದ್ದೆಗೆ ಜಾರುವುದು, ಶಂಟ್ ಹೋಗಿರುವ ದಾರಿಯಲ್ಲಿ ಊತ. ದೊಡ್ಡ ಮಕ್ಕಳಲ್ಲಿ ತಲೆನೋವು, ಅದರಲ್ಲೂ ಬೆಳಿಗ್ಗೆ ಏಳುವಾಗ. ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ತೂಕಡಿಕೆ, ಫಿಟ್ಸ್. ಇವು ಕಂಡರೆ ಕೂಡಲೇ ಎಮರ್ಜೆನ್ಸಿಗೆ ಹೋಗಬೇಕು. ನಾಳೆ ಬೆಳಿಗ್ಗೆ ನೋಡೋಣ ಅನ್ನಬೇಡಿ. ಮಗು ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ಏರುಪೇರಾಗಿದೆ, ಫಿಟ್ಸ್ ಐದು ನಿಮಿಷ ಕಳೆದರೂ ನಿಲ್ಲುತ್ತಿಲ್ಲ ಅಂದರೆ ನೀವೇ ಗಾಡಿ ಓಡಿಸಿಕೊಂಡು ಹೋಗುವುದಲ್ಲ, ಆಂಬುಲೆನ್ಸ್ ಕರೆಸಿ.

ಕೆಲವು ಮಕ್ಕಳಲ್ಲಿ ಇಷ್ಟು ಗದ್ದಲವೇ ಇರುವುದಿಲ್ಲ. ಎರಡು ಮೂರು ವಾರದಲ್ಲಿ ಕೈಬರಹ ಕೆಡುತ್ತದೆ. ಸಿಡುಕು ಜಾಸ್ತಿ ಆಗುತ್ತದೆ. ಓದಿನಲ್ಲಿ ಹಿಂದೆ ಬೀಳುತ್ತದೆ. ಟೀಚರ್ "ಸೋಮಾರಿ ಆಗಿದ್ದಾಳೆ" ಅನ್ನುತ್ತಾರೆ. ಶಂಟ್ ಇರುವ ಮಗುವಿಗೆ ಸೋಮಾರಿ ಅನ್ನುವ ಹೆಸರು ಕೊಡುವ ಮೊದಲು ಶಂಟ್ ನೋಡಿಸಿ.

ಇನ್ನೊಂದು ಮಾತು. ಸ್ಕ್ಯಾನ್ ನಾರ್ಮಲ್ ಬಂದರೆ ಶಂಟ್ ಸರಿ ಇದೆ ಅಂತ ಖಚಿತ ಆಗುವುದಿಲ್ಲ. ಕೆಲವು ಮಕ್ಕಳಲ್ಲಿ ಒತ್ತಡ ಏರಿದರೂ ಸ್ಕ್ಯಾನ್‌ನಲ್ಲಿ ಬದಲಾವಣೆ ಕಾಣುವುದಿಲ್ಲ. ಅದಕ್ಕೇ ಮಗು ಚೆನ್ನಾಗಿದ್ದಾಗ ತೆಗೆಸಿದ ಹಳೆಯ ಸ್ಕ್ಯಾನ್ ಜೋಪಾನವಾಗಿ ಇಟ್ಟುಕೊಂಡು ಜೊತೆಗೆ ಒಯ್ಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಅರ್ಥ ಆಗುವ ಸಂಗತಿಗಳಿವೆ. ಮನೆಯಲ್ಲಿ ಕವಾಟವನ್ನು ಒತ್ತಿ ಒತ್ತಿ ಪರೀಕ್ಷೆ ಮಾಡಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ.

ಶಂಟ್ ಹಾಕಿದ ಅಥವಾ ಬದಲಿಸಿದ ಮೊದಲ ಆರು ತಿಂಗಳಲ್ಲಿ ಜ್ವರ ಬಂದರೆ ಅದು ಶೀತದ ಜ್ವರವೇ ಇರಬಹುದು, ಆದರೆ ಹಾಗಂತ ತೀರ್ಮಾನ ಮಾಡುವುದು ನೀವಲ್ಲ. ಶಂಟಿನ ಸೋಂಕು ಹೆಚ್ಚಾಗಿ ಈ ಅವಧಿಯಲ್ಲೇ ಬರುತ್ತದೆ. ಗಾಯ ಕೆಂಪಾದರೆ, ಅದರಿಂದ ನೀರು ಸೋರಿದರೆ, ಹೊಟ್ಟೆನೋವು ಬಂದರೆ ಜ್ವರ ಇಲ್ಲದಿದ್ದರೂ ಅವತ್ತೇ ಹೋಗಿ.

"ನಮ್ಮ ಮಗುವಿಗೆ ಶಂಟ್ ಇಲ್ಲ, ಗರ್ಭದಲ್ಲೇ ಆಪರೇಷನ್ ಆಗಿದೆ" ಅನ್ನುವವರು ಇಲ್ಲಿ ಇಬ್ಬರು ಇದ್ದೀರಿ. ಸಂತೋಷ. 2011ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಹುಟ್ಟಿದ ಮೇಲೆ ಬೆನ್ನು ಮುಚ್ಚಿದ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಒಂದು ವರ್ಷದೊಳಗೆ ಶಂಟ್ ಹಾಕಬೇಕಾಯಿತು. ಗರ್ಭದಲ್ಲೇ ಮುಚ್ಚಿದವರಲ್ಲಿ ಅದು 40. ಕಡಿಮೆ ಆಯಿತು, ಆದರೆ ಇಲ್ಲದೆ ಹೋಗಲಿಲ್ಲ ನೋಡಿ. ಹಾಗಾಗಿ ಈ ಲಕ್ಷಣಗಳು ನಿಮಗೂ ಗೊತ್ತಿರಬೇಕು. ಶಂಟ್ ಬದಲು ಎಂಡೊಸ್ಕೋಪಿಯಲ್ಲಿ ನೀರಿಗೆ ದಾರಿ ಮಾಡಿಸಿಕೊಂಡವರಿಗೂ ಅಷ್ಟೇ. ಆ ದಾರಿ ಮುಚ್ಚಿಹೋಗಬಹುದು, ಕೆಲವೊಮ್ಮೆ ತಟ್ಟನೆ.

ತಲೆಯ ಹಿಂಭಾಗದ ಒಂದು ವಿಷಯ ಬಾಕಿ ಇದೆ. ಈ ಮಕ್ಕಳಲ್ಲಿ ಮಿದುಳಿನ ಕೆಳಭಾಗ ಸ್ವಲ್ಪ ಕುತ್ತಿಗೆಯ ಕಡೆ ಜಾರಿರುತ್ತದೆ. ಕಿಯಾರಿ ಅಂತ ನಿಮ್ಮ ಫೈಲ್‌ನಲ್ಲಿ ಬರೆದಿರುತ್ತಾರೆ. ಬಹಳ ಮಕ್ಕಳಿಗೆ ಅದರಿಂದ ತೊಂದರೆ ಇಲ್ಲ. ಆದರೆ ಹಾಲು ಕುಡಿಯುವಾಗ ಪದೇ ಪದೇ ನೆತ್ತಿಗೇರುವುದು, ಹಾಲು ಮೂಗಿನಿಂದ ಬರುವುದು, ಉಸಿರು ಎಳೆಯುವಾಗ ಕೊರ್ ಅನ್ನುವ ಸದ್ದು, ಅಳು ಕ್ಷೀಣ ಆಗುವುದು, ಉಸಿರು ಕೆಲವು ಸೆಕೆಂಡು ನಿಂತು ತುಟಿ ನೀಲಿ ಆಗುವುದು, ಇವು ಉಸಿರಾಟ ಮತ್ತು ನುಂಗುವಿಕೆಯ ನರಗಳ ಮೇಲೆ ಒತ್ತಡ ಬಿದ್ದಿರುವ ಗುರುತು. ಇಲ್ಲೂ ತಕ್ಷಣ ಹೊರಡಬೇಕು. ಅಲ್ಲಿ ಮೊದಲು ನೋಡುವುದು ಶಂಟನ್ನೇ, ಯಾಕೆಂದರೆ ಎಷ್ಟೋ ಸಲ ಶಂಟ್ ಕೆಟ್ಟದ್ದೇ ಇದಕ್ಕೆ ಕಾರಣ.

ಈಗ ಮೂತ್ರ. ತಲೆಯ ಕಾಯಿಲೆ ಗಂಟೆಗಳಲ್ಲಿ ಕೆಡಿಸಿದರೆ, ಇದು ವರ್ಷಗಳಲ್ಲಿ ಸದ್ದಿಲ್ಲದೆ ಕೆಡಿಸುತ್ತದೆ. ಮೂತ್ರಕೋಶ ಪೂರ್ತಿ ಖಾಲಿ ಆಗುವುದಿಲ್ಲ, ಒಳಗೆ ಒತ್ತಡ ಏರುತ್ತದೆ, ಮೂತ್ರ ಹಿಂದಕ್ಕೆ ಕಿಡ್ನಿಗೆ ನುಗ್ಗುತ್ತದೆ. ಒಂದು ಕಾಲದಲ್ಲಿ ಈ ಮಕ್ಕಳು ಕಿಡ್ನಿ ಸೋತು ಸಾಯುವುದು ಬಹಳ ಸಾಮಾನ್ಯವಾಗಿತ್ತು. 1972ರಲ್ಲಿ ಅಮೆರಿಕದ ಮಿಶಿಗನ್‌ನ ಮೂತ್ರರೋಗ ವೈದ್ಯ ಜ್ಯಾಕ್ ಲ್ಯಾಪಿಡೀಸ್ ಒಂದು ಸರಳ ಮಾತು ಹೇಳಿದರು. ಹೊತ್ತುಹೊತ್ತಿಗೆ ಕ್ಯಾತಿಟರ್, ಅಂದರೆ ತೆಳುವಾದ ಕೊಳವೆ, ಹಾಕಿ ಮೂತ್ರ ತೆಗೆಯಿರಿ, ಅದಕ್ಕೆ ಆಪರೇಷನ್ ಕೋಣೆಯಷ್ಟು ಶುದ್ಧಿ ಬೇಡ, ಕೈ ತೊಳೆದು ಸ್ವಚ್ಛವಾಗಿದ್ದರೆ ಸಾಕು. ಆಗ ಇದನ್ನು ಬಹಳ ಜನ ನಂಬಲಿಲ್ಲ. ಇವತ್ತು ನೀವು ಮನೆಯಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಮಾಡುತ್ತಿರುವುದು ಅದನ್ನೇ.

ಕ್ಯಾತಿಟರ್ ಹಾಕುವ ಮಗುವಿನ ಮೂತ್ರದಲ್ಲಿ ಹೆಚ್ಚಾಗಿ ಬ್ಯಾಕ್ಟೀರಿಯಾ ಇರುತ್ತವೆ. ಮಗು ಆರಾಮಾಗಿದ್ದಾಗ ಸುಮ್ನೆ ಟೆಸ್ಟ್ ಮಾಡಿಸಿ, ರಿಪೋರ್ಟ್ ನೋಡಿ ಹೆದರಿ, ಆಂಟಿಬಯಾಟಿಕ್ ಕೊಟ್ಟರೆ ಮುಂದೆ ನಿಜವಾಗಿ ಬೇಕಾದಾಗ ಔಷಧಿ ಕೆಲಸ ಮಾಡದೆ ಹೋಗಬಹುದು. ಮೂತ್ರ ಒಂದು ದಿನ ಸ್ವಲ್ಪ ಮಬ್ಬಾಗಿದೆ, ವಾಸನೆ ಇದೆ, ಬೇರೆ ಏನೂ ಇಲ್ಲ ಅಂದರೆ ನೀರು ಜಾಸ್ತಿ ಕುಡಿಸಿ, ಕ್ಯಾತಿಟರ್ ಹೊತ್ತು ತಪ್ಪಿಸಬೇಡಿ, ಕಾದು ನೋಡಿ. ಇಲ್ಲಿ ಕಾಯಬಹುದು. ಆದರೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಚಳಿ, ಪಕ್ಕೆನೋವು ಅಥವಾ ಹೊಟ್ಟೆನೋವು, ವಾಂತಿ, ಮೂತ್ರದಲ್ಲಿ ರಕ್ತ, ಎರಡು ಕ್ಯಾತಿಟರ್ ನಡುವೆ ಹೊಸದಾಗಿ ಸೋರಲು ಶುರುವಾಗುವುದು, ಇವುಗಳಲ್ಲಿ ಒಂದಿದ್ದರೂ ಅವತ್ತೇ ತೋರಿಸಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬೇರೆ ಲಕ್ಷಣಕ್ಕೆ ಕಾಯಲೇಬೇಡಿ.

ಜ್ವರದ ಜೊತೆ ವಾಂತಿ ಇದ್ದು ಶಂಟೂ ಇದ್ದರೆ ಮೂತ್ರದ ಸೋಂಕೋ ಶಂಟಿನದೋ ಅಂತ ಮನೆಯಲ್ಲಿ ಕೂತು ಬಿಡಿಸಲು ಆಗುವುದಿಲ್ಲ. ನಮಗೇ ಕಷ್ಟ. ಹೋಗಿ, ಎರಡನ್ನೂ ನೋಡಿ ಅಂತ ಬಾಯಿ ಬಿಟ್ಟು ಹೇಳಿ.

ಕ್ಯಾತಿಟರ್ ಒಳಗೇ ಹೋಗುತ್ತಿಲ್ಲ, ಅಥವಾ ಹೋದರೂ ಮೂತ್ರ ಬರುತ್ತಿಲ್ಲ, ಹೊಟ್ಟೆ ಉಬ್ಬುತ್ತಿದೆ ಅಂದರೆ ಒತ್ತಿ ನೂಕಬೇಡಿ, ಆಸ್ಪತ್ರೆಗೆ ಹೋಗಿ. ಕರುಳಿನ ತುಂಡು ಸೇರಿಸಿ ಮೂತ್ರಕೋಶ ದೊಡ್ಡದು ಮಾಡಿಸಿಕೊಂಡ ಮಕ್ಕಳ ತಂದೆ ತಾಯಿ ದಯವಿಟ್ಟು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆ ಮೂತ್ರಕೋಶ ಒಡೆಯಬಹುದು. ಹೊಟ್ಟೆನೋವು, ಹೊಟ್ಟೆ ಉಬ್ಬರ, ಜ್ವರ, ಕೆಲವೊಮ್ಮೆ ಭುಜದ ನೋವು. ನರ ಸರಿ ಇಲ್ಲದ ಕಾರಣ ನೋವು ಕಡಿಮೆಯೇ ಇರಬಹುದು, ಮಗು ಮಂಕಾಗಿ ಬಿದ್ದಿರಬಹುದು. ಆಸ್ಪತ್ರೆಯ ಬಾಗಿಲಲ್ಲೇ "ಇವಳ ಮೂತ್ರಕೋಶ ಆಪರೇಷನ್ ಆಗಿದೆ" ಅಂತ ಹೇಳಿ, ಅದು ಮೊದಲ ವಾಕ್ಯ ಆಗಿರಲಿ.

ಮಲಬದ್ಧತೆ ಸಣ್ಣ ವಿಷಯ ಅನಿಸುತ್ತದೆ ಅಲ್ವಾ? ಆದರೆ ಕರುಳು ತುಂಬಿಕೊಂಡರೆ ಮೂತ್ರಕೋಶವನ್ನು ಒತ್ತುತ್ತದೆ, ಸೋರುವುದು ಮತ್ತು ಸೋಂಕು ಹೆಚ್ಚುತ್ತದೆ. ಹೊಟ್ಟೆಯಲ್ಲಿ ಒತ್ತಡ ಏರಿದರೆ ಶಂಟಿನ ನೀರು ಇಳಿಯುವುದೂ ಕಷ್ಟ. ಹಾಗಾಗಿ ನಾಲ್ಕು ದಿನ ಮಲ ಹೋಗದಿದ್ದರೆ "ಅವಳಿಗೆ ಯಾವಾಗಲೂ ಹೀಗೇ" ಅನ್ನದೆ ಆ ವಾರವೇ ಡಾಕ್ಟರಿಗೆ ಹೇಳಿ. ಹೊಟ್ಟೆ ಗಟ್ಟಿಯಾಗಿ ಉಬ್ಬಿ ಹಸಿರು ವಾಂತಿ ಆದರೆ ವಾರದ ಮಾತೇ ಇಲ್ಲ, ಆಗಲೇ ಹೊರಡಿ.

ಇನ್ನು ಕಾಲು. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಂಟು ವರ್ಷದ ಹುಡುಗಿಯನ್ನು ಕರೆತಂದರು. ತೊಡೆ ಊದಿತ್ತು, ಕೆಂಪಾಗಿತ್ತು, ಮುಟ್ಟಿದರೆ ಬಿಸಿ. ಸಣ್ಣ ಜ್ವರವೂ ಇತ್ತು. ಬಿದ್ದದ್ದು ಯಾರಿಗೂ ನೆನಪಿಲ್ಲ. ನಾನು ಚರ್ಮದ ಸೋಂಕು ಅಂತ ಔಷಧಿ ಕೊಟ್ಟೆ. ಮೂರು ದಿನ ಬಿಟ್ಟು ಎಕ್ಸ್‌ರೇ ತೆಗೆದರೆ ತೊಡೆಯ ಮೂಳೆ ಮುರಿದಿತ್ತು. ಆ ಮೂರು ದಿನವೂ ಅವಳನ್ನು ಅದೇ ಕಾಲಿನಲ್ಲಿ ಎತ್ತಿ ಇಳಿಸಿದ್ದರು. ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಭಾರ ಹೊರದ ಕಾಲಿನ ಮೂಳೆ ತೆಳುವಾಗಿರುತ್ತದೆ. ಬಟ್ಟೆ ಹಾಕುವಾಗಲೂ, ವ್ಯಾಯಾಮ ಮಾಡಿಸುವಾಗಲೂ ಮುರಿಯಬಹುದು. ಪ್ಲಾಸ್ಟರ್ ಬಿಚ್ಚಿದ ಹೊಸದರಲ್ಲಿ ಇನ್ನೂ ಜಾಸ್ತಿ. ಆದ್ದರಿಂದ ಸ್ಪರ್ಶ ಇಲ್ಲದ ಕಾಲು ಊದಿ ಬಿಸಿಯಾದರೆ ಅಲ್ಲಾಡದಂತೆ ಆಧಾರ ಕೊಟ್ಟು ಅವತ್ತೇ ಕರೆದೊಯ್ಯಿರಿ, "ಎಕ್ಸ್‌ರೇ ತೆಗೆಯಿರಿ" ಅಂತ ನೀವೇ ಕೇಳಿ.

ಚರ್ಮವೂ ಹಾಗೇ. ರಾತ್ರಿ ಮಲಗಿಸುವ ಮೊದಲು ಪಾದ, ಹಿಮ್ಮಡಿ, ಕುಂಡೆ, ಕಾಲಿಗೆ ಆಧಾರವಾಗಿ ಕಟ್ಟುವ ಬ್ರೇಸ್ ತಗಲುವ ಜಾಗ ಎಲ್ಲ ನೋಡಿ. ಕಾಣದ ಕಡೆ ಕನ್ನಡಿ ಹಿಡಿಯಿರಿ. ಕೆಂಪು ಕಂಡರೆ ಒತ್ತಡ ತೆಗೆದು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಹೋಗಿದ್ದರೆ ಬ್ರೇಸ್ ಅಥವಾ ಶೂ ಸರಿ ಮಾಡಿಸಿದರೆ ಸಾಕು. ಹೋಗದಿದ್ದರೆ ಆ ಜಾಗದ ಮೇಲೆ ಭಾರ ಬೀಳಬಾರದು. ಮಾರನೆಯ ದಿನವೂ ಇದ್ದರೆ, ಗುಳ್ಳೆ ಎದ್ದರೆ, ಚರ್ಮ ಸುಲಿದರೆ ತೋರಿಸಿ. ಗಾಯ ಕಪ್ಪಾದರೆ, ವಾಸನೆ ಅಥವಾ ಕೀವು ಬಂದರೆ, ಜ್ವರ ಬಂದರೆ ತಡ ಮಾಡಬೇಡಿ. ಮೇಲೆ ರೂಪಾಯಿ ಅಗಲ ಕಾಣುವ ಗಾಯ ಒಳಗೆ ಮೂಳೆಯವರೆಗೆ ಇಳಿದಿರಬಹುದು. ಸ್ನಾನದ ನೀರಿನ ಬಿಸಿಯನ್ನು ಮಗುವಿನ ಕಾಲಿನಿಂದಲ್ಲ, ನಿಮ್ಮ ಮೊಣಕೈಯಿಂದ ನೋಡಿ.

ಮಗು ನಡೆಯುತ್ತಿದ್ದರೆ ಅದರ ನಡಿಗೆಯ ಮೇಲೆ ಕಣ್ಣಿರಲಿ. ಬೆನ್ನು ಮುಚ್ಚಿದ ಜಾಗದಲ್ಲಿ ಬೆನ್ನುಹುರಿ ಕಲೆಗೆ ಅಂಟಿಕೊಂಡಿರುತ್ತದೆ. ಮಗು ಉದ್ದ ಬೆಳೆಯುವಾಗ ಹುರಿ ಎಳೆದಂತಾಗುತ್ತದೆ. ಮೊದಲು ಹತ್ತುತ್ತಿದ್ದ ಮೆಟ್ಟಿಲು ಈಗ ಆಗುತ್ತಿಲ್ಲ, ಒಂದೇ ಶೂ ಬೇಗ ಸವೆಯುತ್ತಿದೆ, ಪಾದ ಹೊಸದಾಗಿ ತಿರುಚಿಕೊಳ್ಳುತ್ತಿದೆ, ಬೆನ್ನುನೋವು, ಬೆನ್ನು ಸೊಟ್ಟ ಆಗುವುದು, ಒಣಗಿರುತ್ತಿದ್ದ ಮಗು ಮತ್ತೆ ಒದ್ದೆ ಆಗುವುದು. ಇದಕ್ಕೆ ನಡುರಾತ್ರಿ ಓಡಬೇಕಿಲ್ಲ. ಆದರೆ ಆರು ತಿಂಗಳ ಚೆಕಪ್‌ಗೆ ಕಾಯಬಾರದು, ಒಂದೆರಡು ವಾರದಲ್ಲಿ ತೋರಿಸಿ. ಹೋದ ಶಕ್ತಿ ಆಪರೇಷನ್ ಆದ ಮೇಲೂ ಪೂರ್ತಿ ಮರಳುತ್ತದೆ ಅಂತ ಹೇಳಲು ಬರುವುದಿಲ್ಲ. ದಿನದಿಂದ ದಿನಕ್ಕೆ ಕಾಲು ಸೋಲುತ್ತಿದ್ದರೆ, ಕೈಯಲ್ಲೂ ಶಕ್ತಿ ಕಡಿಮೆ ಆಗುತ್ತಿದ್ದರೆ ಅವತ್ತೇ ಹೋಗಬೇಕು.

ಲೇಟೆಕ್ಸ್ ಅಂದರೆ ಸಹಜ ರಬ್ಬರ್. ಚಿಕ್ಕಂದಿನಿಂದ ಆಪರೇಷನ್, ಗ್ಲೌಸ್, ಕ್ಯಾತಿಟರ್ ಅಂತ ಇದರ ಸಂಪರ್ಕ ಹೆಚ್ಚಿರುವುದರಿಂದ ಈ ಮಕ್ಕಳಲ್ಲಿ ಇದರ ಅಲರ್ಜಿ ಬಹಳ. ಬಲೂನ್ ಊದಿದ ಮೇಲೆ ತುಟಿ ಊದಿತೇ, ಮೈಯಲ್ಲಿ ದದ್ದು ಎದ್ದಿತೇ? ಬಾಳೆಹಣ್ಣು, ಅವಕಾಡೊ, ಕಿವಿ ಹಣ್ಣು ತಿಂದಾಗ ಬಾಯಿ ತುರಿಸುತ್ತದೆಯೇ? ಮುಂದಿನ ಭೇಟಿಯಲ್ಲಿ ಹೇಳಿ. ಉಸಿರು ಕಟ್ಟುವುದು, ಸುಂಯ್‌ಗುಟ್ಟುವುದು, ಮುಖ ಊದುವುದು, ತಲೆಸುತ್ತಿ ಬೀಳುವುದು ಆದರೆ ಆಂಬುಲೆನ್ಸ್ ಕರೆಸಿ. ಡಾಕ್ಟರ್ ಅಡ್ರಿನಲಿನ್ ಇಂಜೆಕ್ಷನ್ ಮನೆಯಲ್ಲಿಟ್ಟುಕೊಳ್ಳಲು ಕೊಟ್ಟಿದ್ದರೆ ಮೊದಲು ಅದನ್ನು ಹಾಕಿ. ಈವರೆಗೆ ಏನೂ ಆಗಿಲ್ಲದಿದ್ದರೂ ಪ್ರತಿ ಆಸ್ಪತ್ರೆಯಲ್ಲೂ, ಹಲ್ಲಿನ ಡಾಕ್ಟರಲ್ಲೂ "ಲೇಟೆಕ್ಸ್ ಬೇಡ" ಅಂತ ಹೇಳುವುದು ರೂಢಿ ಆಗಲಿ.

ಒಬ್ಬರು ಚೀಟಿ ಕಳಿಸಿದ್ದಾರೆ. "ಮಗುವಿನ ಬೆನ್ನಿನ ಕೆಳಗೆ ಒಂದು ಗುಳಿ ಇದೆ, ಇದೂ ಸ್ಪೈನಾ ಬೈಫಿಡಾನಾ?" ಕುಂಡೆಗಳ ಸೀಳಿನೊಳಗೆ, ತಳ ಕಾಣುವ ಪುಟ್ಟ ಗುಳಿ ಒಂದೇ ಇದ್ದರೆ ಸಾಮಾನ್ಯವಾಗಿ ಚಿಂತೆ ಬೇಡ. ಸೀಳಿಗಿಂತ ಮೇಲೆ ಇದ್ದರೆ, ಆಳವಾಗಿದ್ದರೆ, ಜೊತೆಗೆ ಕೂದಲಿನ ಗೊಂಚಲು, ಕೆಂಪು ಮಚ್ಚೆ, ಮೆತ್ತನೆಯ ಗಂಟು ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮೊದಲ ಮೂರು ತಿಂಗಳಲ್ಲಿ ಆದರೆ ಅಲ್ಟ್ರಾಸೌಂಡ್‌ನಲ್ಲೇ ಒಳಗಿನದು ಚೆನ್ನಾಗಿ ಕಾಣುತ್ತದೆ. ಗುಳಿಯಿಂದ ನೀರು ಬಂದರೆ ಅದೇ ದಿನ ಹೋಗಿ, ಅಲ್ಲಿಂದ ಮೆದುಳುಜ್ವರದ ಸೋಂಕು ಒಳಗೆ ಹೋಗುವ ದಾರಿ ಇರಬಹುದು.

ಹೆಣ್ಣುಮಗುವಿಗೆ ಎಂಟು ವರ್ಷದೊಳಗೆ, ಗಂಡುಮಗುವಿಗೆ ಒಂಬತ್ತರೊಳಗೆ ಮೈನೆರೆಯುವ ಗುರುತು ಕಂಡರೆ ಅದನ್ನೂ ಹೇಳಿ, ಹೈಡ್ರೊಸೆಫಾಲಸ್ ಇರುವವರಲ್ಲಿ ಇದು ಬೇಗ ಬರುವುದುಂಟು. ಹದಿಹರೆಯದವರು ಕ್ಯಾತಿಟರ್ ಬಿಟ್ಟುಬಿಡುವುದು, ಗೆಳೆಯರಿಂದ ದೂರ ಆಗುವುದು, ಬದುಕಿ ಏನು ಪ್ರಯೋಜನ ಅನ್ನುವುದು ಕೂಡ ಡಾಕ್ಟರಿಗೆ ಹೇಳಬೇಕಾದ ಲಕ್ಷಣಗಳೇ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಕರೆತನ್ನಿ.

ಕೊನೆಗೆ ಒಂದು ಕೆಲಸ. ಒಂದು ಹಾಳೆಯಲ್ಲಿ ಬರೆದಿಡಿ: ಶಂಟ್ ಯಾವ ಬಗೆಯದು, ಕೊನೆಯ ಆಪರೇಷನ್ ದಿನಾಂಕ, ಕ್ಯಾತಿಟರ್ ಅಳತೆ, ಔಷಧಿಗಳು, ಲೇಟೆಕ್ಸ್ ಬೇಡ ಅನ್ನುವುದು, ನಿಮ್ಮ ಡಾಕ್ಟರ ನಂಬರ್. ಅದರ ಕೆಳಗೆ ಮಗು ಚೆನ್ನಾಗಿರುವಾಗ ಹೇಗಿರುತ್ತದೆ ಅಂತ ನಾಲ್ಕು ಸಾಲು: ಎಷ್ಟು ಹೊತ್ತು ನಿದ್ದೆ, ಎಷ್ಟು ಮೆಟ್ಟಿಲು ಹತ್ತುತ್ತದೆ, ದಿನಕ್ಕೆ ಎಷ್ಟು ಸಲ ಒದ್ದೆ, ಏನು ಕೇಳಿ ಹಟ ಮಾಡುತ್ತದೆ. ನಡೆಯುವುದನ್ನು, ಮಾತಾಡುವುದನ್ನು ಫೋನಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿಟ್ಟುಕೊಳ್ಳಿ, ಆರು ತಿಂಗಳಿಗೊಮ್ಮೆ ಹೊಸದು ಮಾಡಿ. ಎಮರ್ಜೆನ್ಸಿಯಲ್ಲಿ ನಿಮ್ಮ ಮಗುವನ್ನು ಮೊದಲ ಸಲ ನೋಡುತ್ತಿರುವ ಡಾಕ್ಟರಿಗೆ ಆ ನಾಲ್ಕು ಸಾಲು ಮತ್ತು ಆ ವಿಡಿಯೊ ತೋರಿಸಿ, "ಇವನು ಮೊನ್ನೆ ಹೀಗಿದ್ದ" ಅಂತ ಹೇಳಿ.